ಅಟ್ಲಾಸ್ ಬೆಟ್ಟಗಳ ನೆಲದಾರಿಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಮೊರಾಕ್ಕೊ ಪ್ರವಾಸದ ಲೇಖನವನ್ನು ಗಮನವಿಟ್ಟು ಓದಿದೆ. ಉತ್ತರ ಆಫ್ರಿಕದ ಪರ್ವತ ಸೀಮೆಯೊಂದನ್ನು ಕನ್ನಡದ ಓದುಗರಿಗೆ ಪರಿಚಯಿಸುವ ಪ್ರಯತ್ನ ಸ್ವಾಗತಾರ್ಹವೇ. ಆದರೆ ಅದರಲ್ಲಿ ಬಂದಿರುವ ಎರಡು ಮಾತುಗಳ ಬಗ್ಗೆ ಬರೆಯದೆ ಇರಲಾಗಲಿಲ್ಲ. ಅಟ್ಲಾಸ್ ಪರ್ವತಗಳನ್ನು ಟೂರ್ ಸಂಸ್ಥೆಯ ವಾಹನದಲ್ಲಿ ಕುಳಿತೇ ನೋಡಬೇಕು, ಸ್ವಂತವಾಗಿ ಬಸ್ಸು ಹಿಡಿದು ಹೋಗುವುದು ನಮ್ಮ ಕಡೆಯವರಿಗೆ ಆಗುವ ಕೆಲಸವಲ್ಲ ಎಂಬುದು ಒಂದು. ಮರಾಕೇಶ್ ನಗರದಿಂದ ನಸುಕಿನಲ್ಲಿ ಹೊರಟರೆ ತುಬ್ಕಾಲ್ ಶಿಖರವನ್ನು ಹತ್ತಿ ರಾತ್ರಿ ಊಟಕ್ಕೆ ನಗರಕ್ಕೆ ಮರಳಬಹುದು ಎಂಬುದು ಇನ್ನೊಂದು. ಮೊದಲನೆಯ ಮಾತು ಹೋಗಬಲ್ಲವರನ್ನೂ ಮನೆಯಲ್ಲೇ ಕೂರಿಸುತ್ತದೆ. ಎರಡನೆಯದು ಹೋದವರನ್ನು ಅಪಾಯಕ್ಕೆ ನೂಕುತ್ತದೆ. ಕಲಬುರಗಿಯ ಕಾಲೇಜೊಂದರಲ್ಲಿ ಬಹುಕಾಲ ಭೂಗೋಳ ಕಲಿಸಿ ನಿವೃತ್ತನಾದ ಮೇಲೆ ಆ ಬೆಟ್ಟಗಳನ್ನು ಬಸ್ಸು, ಶೇರ್ ಟ್ಯಾಕ್ಸಿ ಮತ್ತು ಕಾಲ್ನಡಿಗೆಯಲ್ಲಿ ದಾಟಿ ಬಂದವನು ನಾನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯಲು ಅವಕಾಶ ಕೋರುತ್ತೇನೆ.

ಮೊದಲು ತುಬ್ಕಾಲ್ ವಿಷಯ, ಏಕೆಂದರೆ ಅದು ಜೀವಕ್ಕೆ ಸಂಬಂಧಿಸಿದ್ದು. ಅಟ್ಲಾಸ್ ಪರ್ವತ ಶ್ರೇಣಿ ಮೊರಾಕ್ಕೊದಿಂದ ಅಲ್ಜೀರಿಯಾ ದಾಟಿ ಟುನೀಷಿಯಾದವರೆಗೆ ಸುಮಾರು 2,500 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ್ದು, 4,167 ಮೀಟರ್ ಎತ್ತರದ ತುಬ್ಕಾಲ್ ಅದರ ಅತ್ಯುನ್ನತ ಶಿಖರ. ಇಡೀ ಉತ್ತರ ಆಫ್ರಿಕದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ. ಹತ್ತುವವರು ನಡಿಗೆ ಆರಂಭಿಸುವ ಇಮ್ಲಿಲ್ ಗ್ರಾಮ ಸುಮಾರು 1,740 ಮೀಟರ್ ಎತ್ತರದಲ್ಲಿದೆ. ಅಂದರೆ ಗ್ರಾಮದಿಂದ ಶಿಖರಕ್ಕೆ 2,400 ಮೀಟರಿಗೂ ಹೆಚ್ಚು ಏರಬೇಕು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸಮುದ್ರ ಮಟ್ಟದಿಂದಲೇ 1,930 ಮೀಟರ್ ಎಂಬುದನ್ನು ನೆನೆದರೆ ಈ ಏರಿಕೆಯ ಪ್ರಮಾಣ ತಿಳಿದೀತು. ಕಲಬುರಗಿಯವರು ಬದುಕುವುದು ಸುಮಾರು 450 ಮೀಟರ್ ಎತ್ತರದಲ್ಲಿ. 3,000 ಮೀಟರ್ ದಾಟಿದ ಮೇಲೆ ಗಾಳಿಯಲ್ಲಿನ ಆಮ್ಲಜನಕದ ಒತ್ತಡ ಕಡಿಮೆಯಾಗಿ ತಲೆನೋವು, ವಾಕರಿಕೆ, ಏದುಸಿರು ಕಾಣಿಸಿಕೊಳ್ಳುವುದು ಸಾಮಾನ್ಯ, ಮತ್ತು ಅವಸರದಲ್ಲಿ ಏರಿದವರಿಗೆ ಅದು ಹೆಚ್ಚು. ಆದ್ದರಿಂದಲೇ 3,207 ಮೀಟರ್ ಎತ್ತರದಲ್ಲಿ ಕಲ್ಲಿನ ತಂಗುದಾಣವಿದೆ. ಮೊದಲ ದಿನ ಅಲ್ಲಿಯವರೆಗೆ ನಡೆದು, ಮಲಗಿ, ಮರುದಿನ ನಸುಕಿನಲ್ಲಿ ಶಿಖರಕ್ಕೆ ಹೋಗಿ ಇಳಿಯುವುದು ವಾಡಿಕೆ. ಚಳಿಗಾಲದಲ್ಲಿ ಹಿಮಗೊಡಲಿ ಮತ್ತು ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳಿಲ್ಲದೆ ಅತ್ತ ಹೋಗಲೇಬಾರದು. ಅಲ್ಲದೆ 2018ರ ಡಿಸೆಂಬರಿನಲ್ಲಿ ಇಮ್ಲಿಲ್ ಬಳಿ ಯುರೋಪಿನ ಇಬ್ಬರು ಯುವತಿಯರ ಕೊಲೆಯಾದ ನಂತರ, ತುಬ್ಕಾಲ್ ಹಾದಿಯಲ್ಲಿ ಪರವಾನಗಿ ಇರುವ ಸ್ಥಳೀಯ ಮಾರ್ಗದರ್ಶಕರಿಲ್ಲದೆ ಮುಂದೆ ಬಿಡುವುದಿಲ್ಲ. ಪೊಲೀಸ್ ಚೌಕಿಗಳಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಬೇಸಿಗೆ ರಜೆಗೆ ಮಕ್ಕಳೊಂದಿಗೆ ಹೊರಡುವ ಆಲೋಚನೆ ಮಾಡಿರುವ ಯಾರಾದರೂ ಆ ಲೇಖನವನ್ನು ನಂಬಿದ್ದರೆ ಎಂಬ ಆತಂಕ ನನ್ನದು. ದಯವಿಟ್ಟು ಅದಕ್ಕೊಂದು ತಿದ್ದುಪಡಿಯನ್ನು ಬೇಗನೆ ಪ್ರಕಟಿಸಿರಿ.

ಇನ್ನು ಟೂರ್ ಸಂಸ್ಥೆಗಳ ಮಾತು. ಮರಾಕೇಶ್‌ನಲ್ಲಿ ಎಲ್ಲೆಡೆ ಮಾರಾಟವಾಗುವುದು ಮೂರು ದಿನದ ಒಂದು ಪ್ರವಾಸ: ಬೆಟ್ಟ ದಾಟಿ ಮೆರ್ಜೂಗಾದ ಮರಳು ದಿಬ್ಬಗಳಿಗೆ ಹೋಗಿ, ಒಂದು ರಾತ್ರಿ ಡೇರೆಯಲ್ಲಿ ಮಲಗಿ, ಅದೇ ದಾರಿಯಲ್ಲಿ ವಾಪಸ್ಸು. ಒಂದು ಕಡೆಯ ದೂರವೇ ಸುಮಾರು 560 ಕಿಲೋಮೀಟರ್. ಆ ವಾಹನದಲ್ಲಿ ಕುಳಿತವರಿಗೆ ಅಟ್ಲಾಸ್ ಎಂದರೆ ತಿರುವುಗಳಲ್ಲಿ ತಲೆ ತಿರುಗುವ ಅರ್ಧ ದಿನ ಮತ್ತು ಹೆದ್ದಾರಿ ಪಕ್ಕದ ಹೋಟೆಲಿನ ಊಟ. ವಯಸ್ಸಾದವರಿಗೂ, ರಜೆ ಕಡಿಮೆ ಇರುವವರಿಗೂ ಅದು ಅನುಕೂಲವೆಂದು ಒಪ್ಪುತ್ತೇನೆ. ಆದರೆ ಅದೊಂದೇ ದಾರಿ ಎಂದು ಪತ್ರಿಕೆಯೊಂದು ಬರೆದಾಗ, ನಗರದ ಮಧ್ಯವರ್ತಿಯ ಕೈಗೆ ಪೂರ್ತಿ ಹಣ ಕೊಟ್ಟು ನಡುವಿನ ಹಳ್ಳಿಗಳಲ್ಲಿ ಒಂದು ಲೋಟ ಚಹಾ ಕೂಡ ಕುಡಿಯದೆ ಬರುವ ಪ್ರವಾಸವನ್ನೇ ಪ್ರವಾಸವೆಂದು ಓದುಗರಿಗೆ ಕಲಿಸಿದಂತಾಗುತ್ತದೆ. ನನ್ನ ಮುಖ್ಯ ತಕರಾರು ಇದು.

ಸ್ವತಂತ್ರವಾಗಿ ಹೋಗುವುದು ಹೇಗೆ ಎಂದು ಕೇಳುವವರಿಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ನಮ್ಮ ಕಡೆಯವರು ಹೈದರಾಬಾದಿನಿಂದ ಕೊಲ್ಲಿ ರಾಷ್ಟ್ರಗಳ ಮೂಲಕ ಕಾಸಾಬ್ಲಾಂಕಾಕ್ಕೆ ವಿಮಾನದಲ್ಲಿ ಹೋಗಬಹುದು. ವಿಮಾನ ನಿಲ್ದಾಣದೊಳಗಿನಿಂದಲೇ ನಗರಕ್ಕೆ ರೈಲು ಸಿಗುತ್ತದೆ, ನಗರದಿಂದ ಮರಾಕೇಶ್‌ಗೆ ಇನ್ನೊಂದು ರೈಲು. ಹಳಿ ಅಲ್ಲಿಗೆ ಮುಗಿಯಿತು, ಬೆಟ್ಟ ದಾಟಿ ದಕ್ಷಿಣಕ್ಕೆ ಹೋಗುವ ರೈಲು ಮಾರ್ಗವಿಲ್ಲ. ಮುಂದಕ್ಕೆ ಸಿಟಿಎಂ ಮತ್ತು ರೈಲ್ವೆಯೊಂದಿಗೆ ನಂಟಿರುವ ಸುಪ್ರಾತೂರ್ ಎಂಬ ಬಸ್ ಸಂಸ್ಥೆಗಳ ಮುಂಗಡ ಟಿಕೆಟಿನ ಬಸ್ಸುಗಳಿವೆ. ಸಿಟಿಎಂ ಬಸ್ಸಿನಲ್ಲಿ ಕೆಳಗೆ ಹಾಕುವ ಸಾಮಾನಿಗೆ ಪ್ರತ್ಯೇಕ ಹಣ ಕೊಟ್ಟು ಚೀಟಿ ಪಡೆಯಬೇಕು. ಬಸ್ಸು ಹೋಗದ ಕಡೆ ಗ್ರಾಂ ಟ್ಯಾಕ್ಸಿ ಎಂಬ ಶೇರ್ ಟ್ಯಾಕ್ಸಿಗಳು ಓಡುತ್ತವೆ. ಕಲಬುರಗಿಯ ಟಂಟಂ ಹತ್ತಿದವರಿಗೆ ಅದರ ರೀತಿ ಹೇಳಿಕೊಡಬೇಕಾಗಿಲ್ಲ: ಆರು ಜನ ತುಂಬಿದ ಮೇಲೆಯೇ ಗಾಡಿ ಹೊರಡುತ್ತದೆ, ದರ ತಲೆಗಿಷ್ಟು ಎಂದು ನಿಗದಿಯಾಗಿರುತ್ತದೆ, ಬೇಗ ಹೊರಡಬೇಕೆನ್ನುವವರು ಉಳಿದ ಸೀಟಿನ ಹಣವನ್ನೂ ಕೊಟ್ಟು ಹೊರಡಿಸಬಹುದು. ಹಿಂದೆ ಹಳೆಯ ಮರ್ಸಿಡಿಸ್ ಕಾರುಗಳೇ ಈ ಕೆಲಸ ಮಾಡುತ್ತಿದ್ದವು. ಈಗ ಹೆಚ್ಚಾಗಿ ಡಾಸಿಯಾ ಕಂಪನಿಯ ಉದ್ದನೆಯ ಕಾರುಗಳು ಬಂದಿವೆ. ಇನ್ನೂ ಒಳಗಿನ ಹಳ್ಳಿಗಳಿಗೆ ವ್ಯಾನು, ಲಾರಿಗಳೇ ಗತಿ, ಮತ್ತು ಅವು ಹೋಗುವುದು ಸಂತೆಯ ದಿನ. ಇಮ್ಲಿಲ್ ದಾರಿಯ ಅಸ್ನಿಯಲ್ಲಿ ಶನಿವಾರ ಸಂತೆ. ಬೆಟ್ಟದ ಯಾವ ಊರಿನಲ್ಲಿ ಯಾವ ವಾರ ಸಂತೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಂಡವನಿಗೆ ಅರ್ಧ ಪ್ರಯಾಣ ಸುಗಮವಾಗುತ್ತದೆ. ತಿಳಿಯದವನು ಕವಲುದಾರಿಯಲ್ಲಿ ದಿನವಿಡೀ ಕಾಯುತ್ತಾನೆ. ತಮ್ಮ ಲೇಖನದಲ್ಲಿ ಸಂತೆ ಎಂಬುದರ ಉಲ್ಲೇಖವೇ ಇರಲಿಲ್ಲ.

ಮರಾಕೇಶ್‌ನಿಂದ ವಾರ್ಜಾಜಾತ್‌ಗೆ ಹೋಗುವ ಸುಮಾರು 200 ಕಿಲೋಮೀಟರ್ ಹೆದ್ದಾರಿ ತಿಶ್ಕಾ ಕಣಿವೆಮಾರ್ಗದಲ್ಲಿ 2,260 ಮೀಟರ್ ಎತ್ತರವನ್ನು ದಾಟುತ್ತದೆ, ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ. ಈ ರಸ್ತೆಯನ್ನು ಫ್ರೆಂಚರು 1930ರ ದಶಕದಲ್ಲಿ ಕಡಿದರು. ಅದಕ್ಕೂ ಹಿಂದಿನ ಒಂಟೆ ಸಾರ್ಥಗಳ ದಾರಿ ಪೂರ್ವಕ್ಕೆ ಸರಿದು, ತೆಲುವೆತ್ ಎಂಬ ಊರಿನ ಮೂಲಕ ಉನೀಲಾ ಕಣಿವೆಯನ್ನು ಇಳಿದು ಐತ್ ಬೆನ್ ಹದ್ದು ಎಂಬ ಮಣ್ಣಿನ ಕೋಟೆಗ್ರಾಮವನ್ನು ಸೇರುತ್ತಿತ್ತು. ಐತ್ ಬೆನ್ ಹದ್ದು 1987ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಎಲ್ಲರೂ ಅಲ್ಲಿ ಇಳಿದು ಚಿತ್ರ ತೆಗೆಯುತ್ತಾರೆ. ಆದರೆ ಅದು ಏಕೆ ಅಲ್ಲಿದೆ ಎಂಬುದು ಉನೀಲಾ ಕಣಿವೆಯಲ್ಲಿ ನಡೆದು ಬಂದವರಿಗೆ ಮಾತ್ರ ಗೊತ್ತಾಗುತ್ತದೆ. ತೆಲುವೆತ್‌ನಲ್ಲಿ ಉಪ್ಪಿನ ಗಣಿಗಳಿವೆ, ಮತ್ತು 1956ರಲ್ಲಿ ತೀರಿಕೊಂಡ ಮರಾಕೇಶ್‌ನ ಪಾಷಾ, ಅಂದರೆ ಆಡಳಿತಗಾರ, ತಾಮಿ ಅಲ್ ಗ್ಲಾವಿಯ ಮನೆತನದ ಶಿಥಿಲ ಅರಮನೆ ಇದೆ. ಕಣಿವೆಯ ತಳದಲ್ಲಿ ಹಸಿರು ಹೊಲಗಳ ಸಣ್ಣ ಪಟ್ಟಿ, ಮೇಲೆ ಕೆಂಪು ಮಣ್ಣಿನ ಮನೆಗಳು, ಅದಕ್ಕೂ ಮೇಲೆ ಬೋಳು ಬಂಡೆ. ಹೆದ್ದಾರಿಯನ್ನು ಅಗಲಗೊಳಿಸುವ ಕಾಮಗಾರಿ ವರ್ಷಗಳಿಂದ ನಡೆದುಬಂದಿದೆ. ಹಿಮ ಬಿದ್ದ ದಿನಗಳಲ್ಲಿ ಕಣಿವೆಮಾರ್ಗದ ಎರಡೂ ಬದಿಗೆ ಗೇಟು ಹಾಕಿ ವಾಹನಗಳನ್ನು ನಿಲ್ಲಿಸುತ್ತಾರೆ. ಹಾಗಾಗಿ ಡಿಸೆಂಬರಿನಿಂದ ಮಾರ್ಚಿನ ತನಕ ಹೋಗುವವರು ಮರಳುವ ವಿಮಾನದ ಹಿಂದಿನ ದಿನವೇ ಬೆಟ್ಟ ದಾಟುವ ಯೋಜನೆ ಹಾಕಬಾರದು.

ಹಿಮದ ವಿಷಯ ಬಂದುದರಿಂದ ಇಬ್ನ್ ಬತೂತಾನ ನೆನಪನ್ನು ಇಲ್ಲಿ ತರುವುದು ಅಪ್ರಸ್ತುತವಾಗದು. 1304ರಲ್ಲಿ ಮೊರಾಕ್ಕೊದ ತಾಂಜಿಯರ್‌ನಲ್ಲಿ ಹುಟ್ಟಿ, ಮುಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿ ಖಾಜಿಯಾಗಿ, ದೌಲತಾಬಾದನ್ನೂ ನಮ್ಮ ಹೊನ್ನಾವರವನ್ನೂ ಕಂಡು ಹೋದ ಆ ಪ್ರವಾಸಿ ತನ್ನ ಕೊನೆಯ ಯಾತ್ರೆಯಲ್ಲಿ ಸಹಾರಾ ದಾಟಿ, ಮರಳುಗಾಡಿನಂಚಿನ ಸಿಜಿಲ್ಮಾಸಾದಿಂದ ಫೆಜ್ ನಗರಕ್ಕೆ ಮರಳುವಾಗ ಚಳಿಗಾಲದ ಅಟ್ಲಾಸನ್ನು ಹತ್ತಬೇಕಾಯಿತು. ಬುಖಾರಾ, ಸಮರ್ಕಂದ್, ಖೊರಾಸಾನ್‌ಗಳ ಹಿಮವನ್ನು ಕಂಡಿದ್ದರೂ ಈ ದಾರಿಗಿಂತ ಕಷ್ಟದ್ದನ್ನು ಕಂಡಿಲ್ಲವೆಂದು ಆತ ಹೇಳಿಕೊಂಡಿದ್ದಾನೆ. ಆಫ್ರಿಕ ಎಂದರೆ ಬಿಸಿಲು ಎಂಬ ಭಾವನೆಯಲ್ಲಿ ತೆಳು ಅಂಗಿ ತುಂಬಿಕೊಂಡು ಹೊರಡುವವರು ಇದನ್ನು ನೆನಪಿಡಬೇಕು. ಏಪ್ರಿಲ್ ಕೊನೆಯಿಂದ ಮೇ ತಿಂಗಳು, ಮತ್ತೆ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳು ನಡೆಯುವವರಿಗೆ ಹಿತವಾದ ಕಾಲ. ಕಲಬುರಗಿ, ಯಾದಗಿರಿಗಳಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿ ಶಾಲೆಗಳು ಮುಚ್ಚಿರುವಾಗ ಅಲ್ಲಿನ ಕಣಿವೆಗಳಲ್ಲಿ ಆಕ್ರೋಟದ ಮರಗಳು ಚಿಗುರಿ, ಕಲಾತ್ ಮ್ಗೂನಾ ಊರಿನ ಸುತ್ತ ಗುಲಾಬಿ ಕೊಯ್ಲು ನಡೆದಿರುತ್ತದೆ. ನಮ್ಮ ಶಾಲಾ ರಜೆಗೂ ಆ ಬೆಟ್ಟಗಳ ಒಳ್ಳೆಯ ಋತುವಿಗೂ ಇಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನೂ ಲೇಖನ ತಿಳಿಸಬಹುದಿತ್ತು.

ನನ್ನ ದೃಷ್ಟಿಯಲ್ಲಿ ಅಟ್ಲಾಸನ್ನು ದಾಟುವ ಅತ್ಯುತ್ತಮ ದಾರಿ ತಿಶ್ಕಾ ಅಲ್ಲ. ಉತ್ತರದ ಬಯಲಿನ ಬೆನಿ ಮೆಲ್ಲಾಲ್ ಕಡೆಯಿಂದ ಏರಿ, ಇಮಿಲ್ಶಿಲ್ ಮತ್ತು ಅಗೂದಾಲ್ ಹಳ್ಳಿಗಳ ಮೂಲಕ ದಕ್ಷಿಣದ ತೊದ್ರಾ ಕಮರಿಗೆ ಇಳಿದು ತಿನ್ಘೀರ್ ಪಟ್ಟಣ ಸೇರುವ ದಾರಿ ಅದು. ಇಮಿಲ್ಶಿಲ್ ಬಳಿ ಇಸ್ಲಿ, ತಿಸ್ಲಿತ್ ಎಂಬ ಎರಡು ಸರೋವರಗಳಿವೆ. ಸೆಪ್ಟೆಂಬರಿನಲ್ಲಿ ಅಲ್ಲಿ ನಡೆಯುವ ಜಾತ್ರೆಯಲ್ಲಿ ಸುತ್ತಲ ಬುಡಕಟ್ಟುಗಳ ಮದುವೆಗಳು ನಿಶ್ಚಯವಾಗುವುದು ಹಳೆಯ ಪದ್ಧತಿ. ಅಗೂದಾಲ್ ಇಡೀ ದೇಶದಲ್ಲೇ ಅತಿ ಎತ್ತರದ ಹಳ್ಳಿಗಳಲ್ಲಿ ಒಂದು. ಅಲ್ಲಿಂದ ಮುಂದೆ ರಸ್ತೆ ಸುಮಾರು 2,700 ಮೀಟರ್ ಎತ್ತರದ ಕಣಿವೆಮಾರ್ಗವನ್ನು ದಾಟಿ ಇಳಿಯತೊಡಗುತ್ತದೆ. ಭೂಗೋಳ ಕಲಿಸಿದವನಿಗೆ ಈ ದಾರಿಯಲ್ಲಿ ಕಣ್ಣು ಮುಚ್ಚಲು ಮನಸ್ಸಾಗುವುದಿಲ್ಲ. ನಮ್ಮ ಶಹಾಬಾದ್ ಕಲ್ಲು ಸಮುದ್ರದ ತಳದಲ್ಲಿ ಹಾಸಿದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೆಯೇ ಪದರ ಪದರವಾಗಿ ಮಟ್ಟಸವಾಗಿ ಮಲಗಿದೆ; ಅದಕ್ಕೇ ಅದನ್ನು ಎಬ್ಬಿಸಿ ಮನೆಗಳಿಗೆ ಹಾಸುವುದು ಸುಲಭ. ಅಟ್ಲಾಸಿನ ಸುಣ್ಣಕಲ್ಲೂ ಸಮುದ್ರದ ತಳದಲ್ಲಿ ಹುಟ್ಟಿದ್ದೇ. ಆದರೆ ಆಫ್ರಿಕ ಮತ್ತು ಯುರೋಪಿನ ಭೂಫಲಕಗಳು ಪರಸ್ಪರ ಒತ್ತಿದ್ದರಿಂದ ಆ ಪದರಗಳು ಮಡಿಸಿ, ಕೆಲವೆಡೆ ನೆಟ್ಟಗೆ ನಿಂತುಬಿಟ್ಟಿವೆ. ತೊದ್ರಾ ಹೊಳೆ ಆ ಕಲ್ಲನ್ನು ಸೀಳಿಕೊಂಡು ಬಂದ ಕಡೆ ಎರಡೂ ಬದಿಯ ಗೋಡೆಗಳು ಸುಮಾರು 300 ಮೀಟರ್ ಎತ್ತರಕ್ಕಿದ್ದು, ನಡುವೆ ಹೊಳೆಗೂ ರಸ್ತೆಗೂ ಸಾಕಾಗುವಷ್ಟು ಮಾತ್ರ ಜಾಗವಿದೆ. ಟೂರ್ ವಾಹನಗಳು ಕೆಳಗಿನಿಂದ ಬಂದು ಗೋಡೆಯ ಬುಡದಲ್ಲಿ ಅರ್ಧ ಗಂಟೆ ನಿಂತು ಹೋಗುತ್ತವೆ. ಮೇಲಿನಿಂದ ಇಳಿದು ಬಂದವರಿಗೆ ಬೋಳು ಪ್ರಸ್ಥಭೂಮಿ, ಕುರಿಗಾಹಿಗಳ ಕಪ್ಪು ಕಂಬಳಿ ಡೇರೆಗಳು, ಹೊಳೆಯ ಮೊದಲ ನೀರು, ಕಮರಿ, ಆಮೇಲೆ ತಿನ್ಘೀರಿನ ಖರ್ಜೂರದ ತೋಟ ಇವೆಲ್ಲ ಒಂದರಿಂದೊಂದು ಹುಟ್ಟುವುದು ಕಣ್ಣೆದುರಿಗೇ ಕಾಣುತ್ತದೆ.

ಬೀದರ್ ಜಿಲ್ಲೆಯ ಓದುಗರು ತಿನ್ಘೀರ್‌ನಿಂದ ಇನ್ನೂ ಪೂರ್ವಕ್ಕೆ ಹೋದರೆ ಅವರಿಗೆ ಪರಿಚಿತವಾದದ್ದೊಂದು ಕಾದಿದೆ. ಎರ್ಫೂದ್ ಪಟ್ಟಣದ ಸುತ್ತ ಬಯಲಿನಲ್ಲಿ ಮಣ್ಣಿನ ಗುಡ್ಡೆಗಳು ಸಾಲಾಗಿ ಹೋಗಿರುವುದು ಕಾಣುತ್ತದೆ. ಒಂದೊಂದು ಗುಡ್ಡೆಯ ನಡುವೆಯೂ ಒಂದು ಬಾವಿ, ಬಾವಿಗಳ ತಳವನ್ನೆಲ್ಲ ಕೂಡಿಸುವ ಒಂದು ಸುರಂಗ. ಬೆಟ್ಟದ ಬುಡದ ಅಂತರ್ಜಲ ಈ ಸುರಂಗದ ಇಳಿಜಾರಿನಲ್ಲಿ ಯಾವ ಯಂತ್ರವೂ ಇಲ್ಲದೆ ಹರಿದು ತೋಟಕ್ಕೆ ಬರುತ್ತದೆ. ಅಲ್ಲಿ ಇದಕ್ಕೆ ಖೆತ್ತಾರಾ ಎನ್ನುತ್ತಾರೆ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದಲ್ಲಿ ತೋಡಿದ ಸುರಂಗ ಬಾವಿ ಇದೇ ವಿದ್ಯೆಯದು. ಪರ್ಷಿಯಾದಲ್ಲಿ ಬೆಳೆದ ಈ ತಂತ್ರ ಪಶ್ಚಿಮಕ್ಕೆ ಅಟ್ಲಾಸಿನ ತಪ್ಪಲನ್ನು, ಪೂರ್ವಕ್ಕೆ ನಮ್ಮ ಜಂಬಿಟ್ಟಿಗೆ ಕಲ್ಲಿನ ನೆಲವನ್ನು ಮುಟ್ಟಿತು. ಎರಡೂ ಕಡೆ ಅದಕ್ಕೆ ಬಂದ ಕಷ್ಟವೂ ಹೋಲುತ್ತದೆ: ಅಲ್ಲಿ ಪಂಪ್‌ಸೆಟ್ಟುಗಳು ಅಂತರ್ಜಲವನ್ನು ಕೆಳಗಿಳಿಸಿದವು, ಜೀಜ್ ನದಿಗೆ 1971ರಲ್ಲಿ ಅಣೆಕಟ್ಟು ಬಂತು, ಅನೇಕ ಖೆತ್ತಾರಾಗಳು ಬತ್ತಿದವು, ಇಲ್ಲಿ ಕೊಳವೆ ಬಾವಿಗಳು ಬಂದವು, ಸುರಂಗದಲ್ಲಿ ಹೂಳು ತುಂಬಿತು. ನೌಬಾದಿನಲ್ಲಿ ಕಳೆದ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದಾಗ ಆಸಕ್ತಿಯಿಂದ ಹೋಗಿ ನೋಡಿದ ಯುವಕರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಂಥವರಿಗೆ ಮೆರ್ಜೂಗಾದ ಒಂಟೆ ಸವಾರಿಗಿಂತ ಖೆತ್ತಾರಾದೊಳಗೆ ಇಳಿದು ನೋಡುವ ಒಂದು ಬೆಳಗು ಹೆಚ್ಚು ಕೊಡುತ್ತದೆ ಎಂದು ನನ್ನ ನಂಬಿಕೆ. ಅದನ್ನು ತೋರಿಸುವವರು ಅಲ್ಲಿನ ತೋಟದವರೇ; ಯಾವ ಪ್ಯಾಕೇಜಿನ ಅವಶ್ಯಕತೆಯೂ ಇಲ್ಲ.

ತಮ್ಮ ಲೇಖನ ಪೂರ್ತಿ ಬಿಟ್ಟಿರುವ ಒಂದು ವಿಷಯವಿದೆ. ಅದನ್ನು ಬಿಟ್ಟದ್ದು ನನಗೆ ನೋವು ತಂದಿದೆ. 2023ರ ಸೆಪ್ಟೆಂಬರ್ 8ರ ರಾತ್ರಿ 11 ಗಂಟೆಯ ಹೊತ್ತಿಗೆ ಮರಾಕೇಶ್‌ನ ನೈರುತ್ಯದ ಅಲ್ ಹೌಜ್ ಸೀಮೆಯಲ್ಲಿ 6.8 ತೀವ್ರತೆಯ ಭೂಕಂಪವಾಗಿ 2,900ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬೆಟ್ಟದ ಹಳ್ಳಿಗಳವರು. ಮಣ್ಣು ಮತ್ತು ಕಲ್ಲಿನ ಗೋಡೆ, ಮರದ ತೊಲೆಗಳ ಮೇಲೆ ಮಣ್ಣು ತುಳಿದ ಭಾರದ ಛಾವಣಿ, ಒಳಗೆ ಮಲಗಿದ್ದ ಕುಟುಂಬ. ಇದನ್ನು ಕಲಬುರಗಿ, ಬೀದರ್ ಜಿಲ್ಲೆಯವರಿಗೆ ವಿವರಿಸಿ ಹೇಳಬೇಕೆ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳಿಸಿ ಮಲಗಿದ್ದ ಮಹಾರಾಷ್ಟ್ರದ ಕಿಲ್ಲಾರಿ ಸೀಮೆಯ ಮೇಲೆ ಇಂಥವೇ ಮಾಳಿಗೆ ಮನೆಗಳು ಕುಸಿದು ಹತ್ತು ಸಾವಿರದಷ್ಟು ಜನ ಹೋದರು. ನಮ್ಮ ಮನೆಗಳ ಪಾತ್ರೆಗಳು ಅಲುಗಿದ್ದನ್ನು, ಜನರೆಲ್ಲ ಬೀದಿಗೆ ಬಂದು ಬೆಳಕಾಗುವವರೆಗೆ ಕೂತದ್ದನ್ನು ನನ್ನ ವಯಸ್ಸಿನವರು ಮರೆತಿಲ್ಲ. 2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಸಣ್ಣ ಸಣ್ಣ ಕಂಪನಗಳಿಗೇ ಮನೆ ಬಿಟ್ಟು ಹೊರಗೆ ಮಲಗಿದ್ದೂ ಅದೇ ನೆನಪಿನಿಂದ.

ಅಲ್ ಹೌಜ್‌ನಲ್ಲಿ ಪೂರ್ತಿ ಬಿದ್ದ ಮನೆಗಳಿಗೆ ಅಲ್ಲಿನ ಸರ್ಕಾರ 1,40,000 ದಿರ್ಹಂ, ಭಾಗಶಃ ಹಾನಿಯಾದವಕ್ಕೆ 80,000 ದಿರ್ಹಂ ನೆರವು ಘೋಷಿಸಿತು. ಆದರೂ ಆಮೇಲಿನ ಚಳಿಗಾಲವನ್ನು ಡೇರೆಗಳಲ್ಲಿ ಕಳೆದ ಕುಟುಂಬಗಳು ಸಾವಿರಾರು. ಅಸ್ನಿಯಿಂದ ತಾರುದಾಂತ್‌ಗೆ ಹೋಗುವ, ತೆಸ್ತ್ ಎಂಬ 2,092 ಮೀಟರ್ ಎತ್ತರದ ಕಣಿವೆಮಾರ್ಗವನ್ನು ಹಾಯುವ ರಸ್ತೆಯ ಎರಡೂ ಬದಿಗೆ ಹೆಚ್ಚಿನ ಹಾನಿಯಾಯಿತು. ಬಂಡೆಗಳು ಉರುಳಿ ಆ ರಸ್ತೆಯೇ ದಿನಗಟ್ಟಲೆ ಮುಚ್ಚಿಹೋಗಿತ್ತು. ಅದೇ ದಾರಿಯಲ್ಲಿ ತಿನ್ಮೆಲ್ ಮಸೀದಿ ಇದೆ. ಅಲ್ಮೊಹಾದ್ ಅರಸರು 12ನೆಯ ಶತಮಾನದಲ್ಲಿ, ಅಂದರೆ ಇಲ್ಲಿ ಕಲ್ಯಾಣದಲ್ಲಿ ಶರಣರು ಇದ್ದ ಶತಮಾನದಲ್ಲಿ ಕಟ್ಟಿಸಿದ ಅದರ ಜೀರ್ಣೋದ್ಧಾರ ನಡೆದಿದ್ದಾಗಲೇ ಭೂಕಂಪ ಬಂದು ಬಹುಭಾಗ ಬಿದ್ದುಹೋಯಿತು. ಟೂರ್ ವಾಹನಗಳು ಈ ರಸ್ತೆಗೆ ಅಪರೂಪ. ಆದ್ದರಿಂದಲೇ ಶೇರ್ ಟ್ಯಾಕ್ಸಿಯಲ್ಲಿ ಹೋಗಿ, ಊರಿನ ತಂಗುಮನೆಯಲ್ಲಿ ಉಳಿದು, ಅಲ್ಲಿನವರನ್ನೇ ದಾರಿ ತೋರಿಸಲು ಕರೆದುಕೊಂಡು, ಅವರ ಹೇಸರಗತ್ತೆಗೆ ಬಾಡಿಗೆ ಕೊಡುವ ಪ್ರವಾಸಿಯ ಹಣಕ್ಕೆ ಅಲ್ಲಿ ಬೆಲೆ ಇದೆ. ಅದು ಯಾರ ಕೈಯನ್ನೂ ದಾಟದೆ ಮನೆಗೆ ಸೇರುತ್ತದೆ, ಗೋಡೆಗೆ ಸೇರುತ್ತದೆ. ಬಿದ್ದ ಮನೆಗಳ ಮುಂದೆ ನಿಂತು ಚಿತ್ರ ತೆಗೆಯಲು ಮಾತ್ರ ಯಾರೂ ಹೋಗಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಕಿಲ್ಲಾರಿಗೆ ಹಾಗೆ ಹೋದವರನ್ನು ನಾವು ಕಂಡಿದ್ದೇವೆ.

ಸ್ವತಂತ್ರ ಪ್ರವಾಸ ಎಂದರೆ ಯಾರ ಸಹಾಯವೂ ಇಲ್ಲದೆ ಒಬ್ಬರೇ ಅಲೆಯುವುದು ಎಂದು ಕೆಲವು ಯುವಕರು ತಿಳಿದಿದ್ದಾರೆ. ಬೆಟ್ಟದಲ್ಲಿ ಹಾಗೆ ಮಾಡಬಾರದು. ಕಣಿವೆಗಳಲ್ಲಿ ಬೇಸಿಗೆಯ ಕೊನೆಗೆ ಗುಡುಗು ಮಳೆ ಬಂದಾಗ ಒಣ ಹಳ್ಳ ಕ್ಷಣಾರ್ಧದಲ್ಲಿ ತುಂಬಿ ಬರುತ್ತದೆ. 1995ರ ಆಗಸ್ಟಿನಲ್ಲಿ ಊರಿಕಾ ಕಣಿವೆಯಲ್ಲಿ ಹೀಗೆ ಬಂದ ನೆರೆ ನೂರಾರು ಜನರನ್ನು ಬಲಿ ತೆಗೆದುಕೊಂಡಿತು, ಅವರಲ್ಲಿ ಹೊಳೆ ದಂಡೆಯಲ್ಲಿ ರಜೆ ಕಳೆಯಲು ಬಂದವರೂ ಇದ್ದರು. ಹಳ್ಳದ ಪಾತ್ರದಲ್ಲಿ ಡೇರೆ ಹಾಕಬೇಡ ಎಂದು ಹೇಳಲು ಊರಿನವರೇ ಬೇಕು. ಮೇಯುಗಾವಲುಗಳ ಕಟ್ಟಳೆಯೂ ಅಷ್ಟೇ. ಅಗ್ದಾಲ್ ಎಂಬ ಅಲ್ಲಿನ ಹಳೆಯ ಪದ್ಧತಿಯಲ್ಲಿ ಊರವರು ಸೇರಿ ಹುಲ್ಲುಗಾವಲನ್ನು ಕೆಲವು ತಿಂಗಳು ಮುಚ್ಚುತ್ತಾರೆ. ಊಕಾಯ್ಮೆದನ್‌ನ ಹುಲ್ಲುಗಾವಲು ಮಾರ್ಚ್ 15ರಿಂದ ಆಗಸ್ಟ್ 10ರವರೆಗೆ ದನಕುರಿಗಳಿಗೆ ಮುಚ್ಚಿರುತ್ತದೆ. ಬಾಡಿಗೆಗೆ ತಂದ ಹೇಸರಗತ್ತೆಯನ್ನು ಆಗ ಅಲ್ಲಿ ಬಿಟ್ಟು ಮೇಯಿಸುವುದು ಊರ ಕಟ್ಟಳೆಗೆ ವಿರುದ್ಧ. ಸ್ಥಳೀಯ ಮಾರ್ಗದರ್ಶಕರು ಜೊತೆಗಿದ್ದರೆ ಇಂಥ ತಪ್ಪು ಆಗುವುದಿಲ್ಲ. ಯಾರನ್ನು ಕರೆದುಕೊಳ್ಳಬೇಕು, ಎಲ್ಲಿ ಮಲಗಬೇಕು, ಎಷ್ಟು ದಿನ ನಿಲ್ಲಬೇಕು ಎಂಬುದನ್ನು ಪ್ರಯಾಣಿಕನೇ ನಿರ್ಧರಿಸುವುದರಲ್ಲಿ ಸ್ವಾತಂತ್ರ್ಯವಿದೆ.

ಹೆಣ್ಣುಮಕ್ಕಳು ಅಲ್ಲಿ ತಾವಾಗಿ ಹೋಗುವುದು ಸುರಕ್ಷಿತವಲ್ಲ ಎಂದು ಲೇಖನ ಹುಟ್ಟಿಸಿದ ಭಯಕ್ಕೆ ಪೂರ್ತಿ ಆಧಾರವಿಲ್ಲ. ಸುರಪುರದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿರುವ ನನ್ನ ತಂಗಿಯ ಮಗಳು ತನ್ನ ಗೆಳತಿಯೊಂದಿಗೆ ಐತ್ ಬುಗ್ಮೆಜ್ ಕಣಿವೆಯ ಹಳ್ಳಿಗಳಲ್ಲಿ ನಡೆದು ಬಂದಿದ್ದಾಳೆ. ಮರಾಕೇಶ್‌ನ ಹಳೆಯ ಪೇಟೆಯಲ್ಲಿ ದಾರಿ ತೋರಿಸುತ್ತೇವೆಂದು ಬೆನ್ನು ಹತ್ತಿದವರಿಂದ ಬೇಸರವಾಯಿತೆಂದು ಅವಳು ಹೇಳಿದ್ದು ನಿಜ. ಬೆಟ್ಟದ ಮನೆಗಳಲ್ಲಿ ಮಾತ್ರ ಗೃಹಿಣಿಯರು ಅವರನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು ರೊಟ್ಟಿ ಸುಡುವುದನ್ನು ತೋರಿಸಿದರಂತೆ, ಗಂಡಸಾಗಿ ಹೋದ ನನಗೆ ಆ ಒಳಮನೆಗಳ ಬಾಗಿಲು ತೆರೆದಿರಲಿಲ್ಲ. ಬೆಟ್ಟದವರು ಅಮಾಜಿಗ್ ಜನ, ಅವರ ಭಾಷೆಗೆ 2011ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಅಧಿಕೃತ ಸ್ಥಾನ ಸಿಕ್ಕಿದ್ದು, ಶಾಲೆ ಕಚೇರಿಗಳ ಫಲಕಗಳ ಮೇಲೆ ಅದರ ತಿಫಿನಾಗ್ ಲಿಪಿಯೂ ಕಾಣುತ್ತದೆ.

ಊಟ, ಹಣ, ಕಾಗದಪತ್ರಗಳ ಬಗ್ಗೆ ಕೆಲವೇ ಮಾತು. ಮಾಂಸ ತಿನ್ನದವರು ತರಕಾರಿ ತಾಜೀನ್ (ಮಣ್ಣಿನ ಮುಚ್ಚಳಪಾತ್ರೆಯಲ್ಲಿ ಬೇಯಿಸುವ ಪಲ್ಯ) ಎಂದು ಕೇಳಿದರೂ ಕೆಲವೊಮ್ಮೆ ಮಾಂಸದೊಂದಿಗೆ ಬೇಯಿಸಿ ಮಾಂಸವನ್ನಷ್ಟೇ ತೆಗೆದು ಬಡಿಸುತ್ತಾರೆ. ಮೊದಲೇ ಬಿಡಿಸಿ ಹೇಳಬೇಕು. ಮಸೂರ, ಬಿಳಿ ಬೀನ್ಸ್ ಕಾಳಿನ ಸಾರು, ಜವೆಗೋಧಿಯ ರೊಟ್ಟಿ, ಆಲಿವ್ ಎಣ್ಣೆ, ಆಕ್ರೋಟ, ಬಾದಾಮಿ ಎಲ್ಲೆಡೆ ಸಿಗುತ್ತವೆ, ಜೊತೆಗೆ ಖಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಇದ್ದರೆ ಎತ್ತರದ ಹಳ್ಳಿಗಳಲ್ಲೂ ಚಿಂತೆಯಿಲ್ಲ. ರಂಜಾನ್ ತಿಂಗಳಲ್ಲಿ ಹಗಲು ಬಹಳಷ್ಟು ಹೋಟೆಲುಗಳು ಮುಚ್ಚಿರುತ್ತವೆ. ಭಾರತೀಯರಿಗೆ ವೀಸಾ ಬೇಕು. ದಿರ್ಹಂ ಅನ್ನು ಆ ದೇಶದ ಒಳಗೇ ಕೊಳ್ಳಬೇಕಾದ್ದರಿಂದ ಯೂರೊ ಅಥವಾ ಡಾಲರ್ ಒಯ್ಯುವುದು ಒಳ್ಳೆಯದು. ಎಟಿಎಂಗಳು ಅಜಿಲಾಲ್, ತಿನ್ಘೀರ್‌ನಂಥ ಪಟ್ಟಣಗಳಲ್ಲಿ ಸಿಗುತ್ತವೆ, ಹಳ್ಳಿಗಳಲ್ಲಿ ನಗದೇ ನಡೆಯುವುದು. ಅನುಮತಿಯಿಲ್ಲದೆ ಡ್ರೋನ್ ಒಯ್ದರೆ ವಿಮಾನ ನಿಲ್ದಾಣದಲ್ಲಿಯೇ ತೆಗೆದಿರಿಸಿಕೊಳ್ಳುತ್ತಾರೆ. ಅಟ್ಲಾಸ್ ಶ್ರೇಣಿ ಅಲ್ಜೀರಿಯಾದೊಳಕ್ಕೂ ಮುಂದುವರಿಯುತ್ತದೆ ಎಂದು ನಕ್ಷೆ ನೋಡಿ ನೆಲದ ಮೇಲೆಯೇ ಗಡಿ ದಾಟುವ ಯೋಜನೆಯನ್ನು ಯಾರೂ ಹಾಕಬಾರದು: ಎರಡೂ ದೇಶಗಳ ನಡುವಿನ ಭೂಗಡಿ 1994ರಿಂದ ಮುಚ್ಚಿದೆ, 2021ರಲ್ಲಿ ರಾಜತಾಂತ್ರಿಕ ಸಂಬಂಧವೂ ಕಡಿದುಬಿದ್ದಿದೆ.

ಮಾನ್ಯ ಸಂಪಾದಕರೇ, ಪ್ರವಾಸ ಪುಟ ದುಬಾರಿ ಹೋಟೆಲುಗಳ ಚಿತ್ರಗಳಿಗಿಂತ ಹೆಚ್ಚಿನದನ್ನು ಕೊಡಬಲ್ಲದು. ಯಾವುದೇ ಪರ್ವತ ಪ್ರದೇಶದ ಬಗ್ಗೆ ಬರೆಸುವಾಗ ಊರುಗಳ ಎತ್ತರ, ನಡೆಯಲು ತಕ್ಕ ಋತು, ರಸ್ತೆ ಮುಚ್ಚುವ ತಿಂಗಳು, ಸಂತೆಯ ವಾರ, ಮಾರ್ಗದರ್ಶಕರ ನಿಯಮ ಇಷ್ಟನ್ನು ಲೇಖನದ ಕೊನೆಗೆ ಕೊಡುವ ಪದ್ಧತಿಯನ್ನು ದಯವಿಟ್ಟು ಆರಂಭಿಸಿರಿ. ಟೂರ್ ಸಂಸ್ಥೆಯ ಆತಿಥ್ಯದಲ್ಲಿ ಹೋಗಿ ಬಂದ ಲೇಖಕರ ಬರಹವಾದರೆ ಆ ಸಂಗತಿಯನ್ನೂ ಓದುಗರಿಗೆ ತಿಳಿಸಿರಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಸ್ಸು, ರೈಲು ಹಿಡಿದು ದೂರದ ಬೆಟ್ಟಗಳನ್ನು ಕಂಡು ಬಂದವರು ಇದ್ದಾರೆ. ಬ್ಯಾಂಕಿನವರು, ಶಿಕ್ಷಕರು, ನರ್ಸುಗಳು. ಅವರ ಬರಹಗಳನ್ನು ಆಹ್ವಾನಿಸಿ ಏಪ್ರಿಲ್ ತಿಂಗಳೊಳಗೆ ಪ್ರಕಟಿಸಿದರೆ ಈ ಬೇಸಿಗೆಯಲ್ಲೇ ಹೊರಡುವವರಿಗೆ ಅದರ ಉಪಯೋಗವಾಗುತ್ತದೆ. ಇಮಿಲ್ಶಿಲ್ ಮತ್ತು ತೆಸ್ತ್ ದಾರಿಗಳ ಬಗ್ಗೆ ನನ್ನ ಬಳಿ ಇರುವ ಟಿಪ್ಪಣಿ ಮತ್ತು ನಕ್ಷೆಗಳನ್ನು ಪತ್ರಿಕೆಗೆ ಕಳುಹಿಸಿಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಗೋಳ ಉಪನ್ಯಾಸಕ,
ಕಲಬುರಗಿ